ಅಂಟು ಹಾಕದ ಗೋಡೆಗಳು

ಒಂದೇ ಅಂಗಡಿಗೆ ಇಬ್ಬರು ಒಡೆಯರಿದ್ದರೆ, ಬೀಗ ಒಂದೇ ಆದರೂ ಬಾಗಿಲು ಎರಡು ಬಗೆಯಲ್ಲಿ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಅಕ್ಕ ಬಂದು ತೆರೆದರೆ ಅದು ತಂದೆಯ ಕಾಲದ ಆಲ್ಬಮ್ ಅಂಗಡಿ. ಮಧ್ಯಾಹ್ನ ತಮ್ಮ ಬಂದು ಮುಂಗಾಜಿನ ಮೇಲೆ ಅಳತೆಪಟ್ಟಿಯನ್ನು ಎಳೆದರೆ ಅದು ಇನ್ನೂ ಹುಟ್ಟದ ಮೊಬೈಲ್ ಕವಚಗಳ ಅಂಗಡಿ. ತಂದೆ ಅದನ್ನು ಇಬ್ಬರಿಗೂ ಸಮನಾಗಿ ಬಿಟ್ಟುಹೋಗಿದ್ದರು. ಹಾಗೆ ಬಿಟ್ಟುಹೋಗುವವರಿಗೆ ಉಳಿದವರು ಅದರಲ್ಲಿ ಎಲ್ಲಿ ಕೂರಬೇಕೆಂಬ ಚಿಂತೆ ಇರುವುದಿಲ್ಲ.

ಬೀದಿಯವರು ಅವಳನ್ನು ಆಲ್ಬಮ್ ಅಕ್ಕ ಎಂದೇ ಕರೆಯುತ್ತಿದ್ದರು. ಮದುವೆ, ಹುಟ್ಟುಹಬ್ಬ, ಪ್ರವಾಸ, ನಿವೃತ್ತಿ ಎಂದು ಜನರ ಬದುಕಿನಲ್ಲಿ ನಡೆದುದೆಲ್ಲ ಒಂದಲ್ಲ ಒಂದು ದಿನ ಫೋಟೋಗಳ ಕಟ್ಟಾಗಿ ಅವಳ ಮೇಜಿಗೆ ಬಂದು, ಹೂಬಳ್ಳಿಯ ಅಂಚು, ರಿಬ್ಬನ್ನು, ಬಣ್ಣದ ಅಕ್ಷರಗಳನ್ನು ತೊಟ್ಟುಕೊಂಡು ಹಿಂದಿರುಗುತ್ತಿತ್ತು. ಈಗ ಜನ ತಮ್ಮ ಫೋಟೋಗಳನ್ನು ಜೇಬಿನಲ್ಲಿಯೇ ಇಟ್ಟುಕೊಂಡು, ಜೇಬಿನಲ್ಲಿಯೇ ಮರೆಯುತ್ತಿದ್ದರು. ಗಿರಾಕಿಗಳು ಹೋದರೂ ಸಾಮಾನು ಹೋಗಲಿಲ್ಲ. ಚಿತ್ರಕಾಗದದ ಹಾಳೆಗಳು, ಫೋಟೋದ ಮೂಲೆ ಹಿಡಿಯುವ ಪುಟ್ಟ ತ್ರಿಕೋನದ ಜೇಬುಗಳು, ಎಲೆಯನ್ನೂ ಹೂವನ್ನೂ ಜಾಲರಿಯ ಅಂಚನ್ನೂ ಕತ್ತರಿಸುವ ಪಂಚುಗಳು, ಹಾಳೆಗಳನ್ನು ಸೇರಿಸಿ ಹಿಡಿಯುವ ಬಟಾಣಿ ತಲೆಯ ಕವಲು ಮೊಳೆಗಳು ಒಳಕೋಣೆಯ ಕಪಾಟುಗಳಲ್ಲಿ ಸೂರು ಮುಟ್ಟಿ ಕುಳಿತಿದ್ದವು. ಅವುಗಳಲ್ಲಿ ಅತಿ ಚೆಲುವಾದ ಹಾಳೆಗಳನ್ನು ಅವಳು ಎಂದೂ ಕತ್ತರಿಸಿರಲಿಲ್ಲ. ಒಳ್ಳೆಯ ಕಾಗದವನ್ನು ಅದಕ್ಕಿಂತ ಒಳ್ಳೆಯ ಕೆಲಸಕ್ಕೆಂದು ಎತ್ತಿಡುವುದು ಈ ಕಸುಬಿನವರೆಲ್ಲರ ಜಾಡ್ಯ. ಆ ಒಳ್ಳೆಯ ಕೆಲಸ ಮಾತ್ರ ಎಂದೂ ಬರುವುದಿಲ್ಲ.

ತಮ್ಮ ಬಸ್ ನಿಲ್ದಾಣದ ಬಳಿ ಮಡಚುವ ಮೇಜೊಂದನ್ನು ಹಾಕಿಕೊಂಡು ಕವಚ ಮಾರುತ್ತಿದ್ದ. ಅವನಿಗೆ ಬಿಸಿಲು ಸಾಕಾಗಿತ್ತು. ಅಂಗಡಿ ಬೇಕೆಂದು ಅವನು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು ಬೀದಿಯನ್ನು ಕಾಯುತ್ತಿದ್ದ ತಾಯಿ ಇಬ್ಬರ ವಾದವನ್ನೂ ಕೇಳಿ, ಒಂದು ದಿನ ತೀರ್ಪು ಕೊಟ್ಟಳು.

"ತಿಂಗಳ ಕೊನೆವರೆಗೆ ನೋಡ್ತೀನಿ. ಅಷ್ಟರಲ್ಲಿ ನಿನ್ನ ಕೈಗೆ ನಿಲ್ಲೋ ಅಂಥ ಕೆಲಸ ಒಂದು ಹತ್ತಿದ್ರೆ ಸರಿ. ಇಲ್ದಿದ್ರೆ ಇಡೀ ಅಂಗಡಿ ಅವನಿಗೆ, ನಿನ್ನ ಸಾಮಾನು ರದ್ದಿಯವನಿಗೆ."

"ರದ್ದಿಗೆ ಹಾಕೋಕೆ ನಾನೇನು ಹಳೇ ಪೇಪರ್ ಮಾರ್ತಿದೀನಾ?" ಎಂದಳು ಅಕ್ಕ.

"ಮಾರಿದ್ರೆ ತಾನೆ ಅದು ಸಾಮಾನು. ಇಟ್ಕೊಂಡು ಸವರ್ತಾ ಕೂತ್ರೆ ಅದು ಮಗು."

ತಮ್ಮ ನಕ್ಕ. ಅಕ್ಕ ನಗಲಿಲ್ಲ. ತನಗೆ ಮೇಜು ಬೇಕು, ಬೆಳಕು ಬೇಕು, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕು, ಅದನ್ನು ತಾನು ಬಿಡತಕ್ಕವಳಲ್ಲ ಎಂದು ಅವಳು ಅಂದೇ ನಿಶ್ಚಯಿಸಿದಳು. ನಿಶ್ಚಯಕ್ಕೆ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಆ ದಾರಿ ಎದುರು ಕಟ್ಟಡದ ಮೇಲಂತಸ್ತಿನಿಂದ ಇಳಿದುಬಂದಿತು. ಅಲ್ಲಿ ಕಚೇರಿ ಇಟ್ಟುಕೊಂಡಿದ್ದ ಆರ್ಕಿಟೆಕ್ಟ್ ಹೆಂಗಸು, ತಾಯಿಯ ಬಾಯಲ್ಲಿ 'ನಕ್ಷೆ ಮೇಡಂ', ಒಂದು ಬೆಳಿಗ್ಗೆ ಬಂದು ಅರೆಪಾರದರ್ಶಕವಾದ ಮಂಜುಕಾಗದವಿದೆಯೇ ಎಂದು ಕೇಳಿದಳು. ಅಕ್ಕ ಕಟ್ಟನ್ನೇ ತಂದಿಟ್ಟಳು.

"ಇಷ್ಟು ಯಾತಕ್ಕೆ ಮೇಡಂ?"

"ಕಿಟಕಿಗೆ. ಗ್ರಂಥಾಲಯದ ಮಾದರಿ ಒಂದು ಆಗ್ಬೇಕು. ಸೋಮವಾರ ಸಮಿತಿ ಕೂರುತ್ತೆ. ಮಾದರಿ ಮಾಡ್ಕೊಡೋನ ಯಂತ್ರ ಕೆಟ್ಟಿದೆ, ರಿಪೇರಿಗೆ ಹೋದದ್ದು ಬಂದಿಲ್ಲ. ನಾನೇ ಕೂತ್ಕೊಂಡು ಕತ್ತರಿಸ್ಬೇಕು."

ಅಕ್ಕ ಅವಳ ಬೆರಳುಗಳನ್ನು ನೋಡಿದಳು. ಮೂರಕ್ಕೆ ಪಟ್ಟಿ ಸುತ್ತಿತ್ತು.

"ಆಗ್ಲೇ ಕೂತಿದ್ದೀರಿ ಅನ್ಸುತ್ತೆ," ಎಂದಳು. "ನಕ್ಷೆ ಕೊಡಿ. ನಾನು ಮಾಡ್ತೀನಿ."

"ಇದು ಆಲ್ಬಮ್ ಅಲ್ಲ. ಕಟ್ಟಡ. ನಿಂತ್ಕೋಬೇಕು."

"ನಾನೂ ಇಷ್ಟು ವರ್ಷ ನಿಂತ್ಕೊಂಡೇ ಇದೀನಿ. ಒಂದು ಗೋಡೆ ಮಾಡಿ ತೋರಿಸ್ತೀನಿ. ಹಿಡಿಸ್ದಿದ್ರೆ ಮಂಜುಕಾಗದ ತಗೊಂಡು ಹೋಗಿ."

ಮರುದಿನ ಆ ಗೋಡೆ ಸಿದ್ಧವಾಯಿತು. ಎಂದೂ ಕತ್ತರಿಸದ ಹಾಳೆಗಳಲ್ಲಿ ಒಂದನ್ನು, ಕೆನೆಬಣ್ಣದ ಮೇಲೆ ಕೆಂಗುಲಾಬಿಗಳಿದ್ದುದನ್ನು, ಅಕ್ಕ ಉಸಿರು ಬಿಗಿಹಿಡಿದು ಕತ್ತರಿಸಿದ್ದಳು. ಕಿಟಕಿಗಳಿಗೆ ಮಂಜುಕಾಗದ, ಚೌಕಟ್ಟಿಗೆ ಎಳೆಯಂತಹ ಟೇಪು. ಅಂಚುಗಳು ಉಗುರಿಗೂ ಸಿಕ್ಕದಷ್ಟು ನೇರ. ನಕ್ಷೆ ಮೇಡಂ ಅದನ್ನು ಕಣ್ಣಮಟ್ಟಕ್ಕೆ ಎತ್ತಿಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಅಳತೆಕೋಲನ್ನು ತೆಗೆದು ಒಂದು ಗುಲಾಬಿಯ ಮೇಲಿಟ್ಟಳು.

"ಇದು ಐವತ್ತಕ್ಕೆ ಒಂದರ ಅಳತೆ. ಗುಲಾಬಿ ಇಲ್ಲಿ ಒಂದು ಇಂಚು. ಕಟ್ಟಡದಲ್ಲಿ ಇದು ನನ್ನ ಎದೆಮಟ್ಟ ಬರುತ್ತೆ."

ಕುರ್ಚಿಯಿಂದ ತಾಯಿ ಹೇಳಿದಳು: "ಬರ್ಲಿ ಬಿಡಿ. ಪುಸ್ತಕ ಓದದೆ ಇರೋರು ಹೂವಾದ್ರೂ ನೋಡ್ಲಿ."

"ನೀನು ಸುಮ್ನಿರಮ್ಮ," ಎಂದಳು ಅಕ್ಕ. ಅವಳ ಮುಖ ಕೆಂಪಾಗಿತ್ತು. ಆಲ್ಬಮ್ಮಿನಲ್ಲಿ ಹೂವು ಹೂವಿನಷ್ಟೇ ಇರುತ್ತದೆ. ಅಲ್ಲಿ ಯಾವುದಕ್ಕೂ ಐವತ್ತು ಪಟ್ಟು ಬೆಳೆಯುವ ಹಂಗಿಲ್ಲ. ಅವಳು ಗೋಡೆಯನ್ನು ಹಿಂದಕ್ಕೆ ತೆಗೆದುಕೊಂಡು ತಿರುಗಿಸಿದಳು. ಹಾಳೆಯ ಬೆನ್ನು ಅಚ್ಚಬಿಳುಪಾಗಿತ್ತು. "ಎರಡು ಹಾಳೆ ಮುಖಕ್ಕೆ ಮುಖ ಕೊಟ್ಟು ಅಂಟಿಸಿದ್ರೆ ಎರಡು ಕಡೆಯೂ ಬಿಳಿ ಆಗುತ್ತೆ. ಒಂದು ಕಾಗದದ ನಾರಿನ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇಟ್ರೆ ಸೊಟ್ಟ ಆಗೋದೂ ಇಲ್ಲ. ಗಟ್ಟಿಯಾಗಿ ನಿಲ್ಲುತ್ತೆ."

"ಹೂವೆಲ್ಲ ಒಳಗೆ ಹೋಗಿಬಿಡುತ್ತಲ್ಲ."

"ಹೋಗ್ಲಿ."

ಆ ಒಂದು ಮಾತನ್ನು ಆಡಲು ಅವಳಿಗೆ ಎಷ್ಟು ಬಲ ಬೇಕಾಯಿತೆಂಬುದು ತಾಯಿಗೆ ಮಾತ್ರ ತಿಳಿಯಿತು. ಅವಳು ಅಂದು ಮತ್ತೆ ಹಾಸ್ಯ ಮಾಡಲಿಲ್ಲ. ನಕ್ಷೆ ಮೇಡಂ ನಕ್ಷೆಯ ಸುರುಳಿಯನ್ನು ಮೇಜಿನ ಮೇಲೆ ಬಿಟ್ಟುಹೋದಳು.

ಅಲ್ಲಿಂದ ಒಳಕೋಣೆಯ ಕಪಾಟುಗಳು ಒಂದೊಂದಾಗಿ ಬಾಯಿ ತೆರೆದವು. ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಹುಟ್ಟಿದವೆಂದು ತಿಳಿದಿದ್ದ ಸಾಮಾನುಗಳನ್ನು ಅಕ್ಕ ಈಗ ಮೊದಲ ಬಾರಿಗೆ ಕಾಣುವಂತೆ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಆಲ್ಬಮ್ಮಿನ ರಟ್ಟಿನ ಹೊದಿಕೆಗೆ ತರಿಸಿದ್ದ ಏಣುಗೆರೆಯ ಕಾಗದ ತಾರಸಿಯಾಯಿತು. ಜಾಲರಿಯ ಅಂಚು ಕತ್ತರಿಸುವ ಪಂಚು ಮೆಟ್ಟಿಲಿನ ಕಟಕಟೆಯನ್ನು ಮೊಳಗಟ್ಟಲೆ ಹೆತ್ತಿತು. ರಿಬ್ಬನ್ನಿಗೆ ತೂತು ಕೊಡುವ ಲೋಹದ ಉಂಗುರಗಳು ಸೂರಿನ ದುಂಡು ಬೆಳಕಿಂಡಿಗಳಾದವು. ಕವಲು ಮೊಳೆ ತನ್ನ ಎರಡು ಕಾಲುಗಳನ್ನು ಹಿಂದಕ್ಕೆ ಚಾಚಿ, ಹೆಬ್ಬಾಗಿಲು ತಿರುಗುವ ಕೀಲಾಯಿತು. ಎಲೆಯ ಪಂಚಿನಿಂದ ಉದುರಿದ ಹಸುರು ಚೂರುಗಳನ್ನು ತಂತಿಗೆ ಪೋಣಿಸಿ ತಿರುಚಿದರೆ ಮರ. ಉಬ್ಬಕ್ಷರಕ್ಕೆ ಸುರಿಯುವ ಪುಡಿಯನ್ನು ಗೋಂದಿನ ಮೇಲೆ ಉದುರಿಸಿದರೆ ಜಲ್ಲಿಯ ದಾರಿ. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಪುಸ್ತಕದ ಕಪಾಟುಗಳು. ಹಾಳೆಗಳ ಅಂಚು ಕತ್ತರಿಸುವಾಗ ಬೀಳುವ ಕೂದಲೆಳೆಯಷ್ಟು ಅಗಲದ ಬಣ್ಣದ ಪಟ್ಟಿಗಳನ್ನು ಅವಳು ಎಂದೂ ಎಸೆದವಳಲ್ಲ. ಅವನ್ನು ನಿಲ್ಲಿಸಿ ಒತ್ತಾಗಿ ಜೋಡಿಸಿದಾಗ ಪುಟ್ಟ ಗ್ರಂಥಗಳ ಬೆನ್ನುಗಳು ಸಾಲುಸಾಲಾಗಿ ಮೂಡಿದವು. ಇಲ್ಲಿ ಬಣ್ಣಕ್ಕೆ ನಕ್ಷೆ ಮೇಡಂ ಅಡ್ಡಿ ಹೇಳಲಿಲ್ಲ.

ತಮ್ಮ ಬಂದು ನೋಡಿ ಹೋಗುತ್ತಿದ್ದ. "ಅಕ್ಕ, ಇದರೊಳಗೆ ನನ್ನ ಅಂಗಡಿಗೆ ಒಂದು ಜಾಗ ಇಡು. ಇಲ್ಲಂತೂ ಸಿಗೋ ಹಾಗೆ ಕಾಣಲ್ಲ."

"ನಿನ್ನ ಬಾಯಿ ಹಿಡಿಸೋ ಅಷ್ಟು ದೊಡ್ಡ ಕಟ್ಟಡ ಅಲ್ಲ ಕಣೋ ಇದು."

ಶನಿವಾರ ಸಂಜೆಗೆ ಮಾದರಿ ಮುಗಿಯಿತು. ಹಲಗೆಯ ಮೇಲೆ ಎರಡು ಅಂತಸ್ತಿನ ಬಿಳಿಯ ಕಟ್ಟಡ, ಮಂಜುಕಾಗದದ ಹಿಂದೆ ಮೇಜುದೀಪದ ಬೆಳಕು. ನಕ್ಷೆ ಮೇಡಂ ಬಾಗಿಲಲ್ಲಿಯೇ ನಿಂತು ಅದನ್ನು ನೋಡಿದಳು. ಆಮೇಲೆ ಹತ್ತಿರ ಬಂದು, ಹಿಂಬದಿಯನ್ನು ನೋಡಲೆಂದು ಪಕ್ಕದ ಗೋಡೆಯನ್ನು ಮೆಲ್ಲನೆ ಹಿಡಿದು ಮಾದರಿಯನ್ನು ತಿರುಗಿಸಹೋದಳು. ಗೋಡೆ ಅವಳ ಕೈಗೇ ಬಂದಿತು.

"ಇದೇನು? ಅಂಟು ಹಾಕಿಲ್ವಾ?"

"ಇಲ್ಲ," ಎಂದಳು ಅಕ್ಕ. "ಗೋಡೆಗೆ ಕೆಳಗೆ ಮಡಿಕೆ ಕೊಟ್ಟಿದೀನಿ, ಪಾದದ ಹಾಗೆ. ಹಲಗೆ ಮೇಲೆ ಫೋಟೋ ಮೂಲೆಗಳಿವೆ. ಪಾದ ಅದರೊಳಗೆ ಕೂರುತ್ತೆ. ಪ್ರತಿ ಕೋಣೆಯೂ ಹಾಗೇ."

"ಯಾತಕ್ಕೆ?"

ಈ ಪ್ರಶ್ನೆ ಅಕ್ಕನಿಗೆ ಹೊಳೆದೇ ಇರಲಿಲ್ಲ. ಅಂಟಿಸಬಾರದೆಂಬುದು ಅವಳ ಕೈಗೆ ತಂದೆ ಕಲಿಸಿದ ಮೊದಲ ಪಾಠ. ಗಿರಾಕಿ ತಂದ ಫೋಟೋ ಗಿರಾಕಿಯದು. ಅದರ ಬೆನ್ನಿಗೆ ಗೋಂದು ತಾಗಿಸಬಾರದು, ಮೂಲೆಯಿಂದ ಹಿಡಿಯಬೇಕು. ನಾಳೆ ಮನಸ್ಸು ಬದಲಾಗಿ ತೆಗೆಯುತ್ತೇನೆಂದರೆ ಹರಿಯದೆ ಹೊರಗೆ ಬರಬೇಕು. ಗೋಡೆಯನ್ನೂ ಅವಳ ಕೈ ಫೋಟೋ ಎಂದೇ ತಿಳಿದಿತ್ತು.

"ನಮ್ಮಲ್ಲಿ ಹಾಗೇ ಮಾಡೋದು," ಎಂದಳು.

"ನಿಮ್ಮಲ್ಲಿ ಆಲ್ಬಮ್ ಮಾಡ್ತೀರಿ. ಇದನ್ನ ನಾನು ಬೀದಿ ದಾಟಿಸಿ ಸಮಿತಿ ಮುಂದೆ ಇಡ್ಬೇಕು. ಅಧ್ಯಕ್ಷರು ಮುಟ್ಟಿ ನೋಡ್ತಾರೆ. ಗೋಡೆ ಅವರ ಕೈಗೆ ಬಂದ್ರೆ ನನ್ನ ಮಾನ ಏನಾಗ್ಬೇಕು? ಸೋಮವಾರದೊಳಗೆ ಎಲ್ಲಾ ಅಂಟಿಸಿಬಿಡಿ."

"ಆಗಲ್ಲ ಮೇಡಂ. ಈಗ ಪಾದಗಳಿಗೆ ಗೋಂದು ಹಾಕಿದ್ರೆ ತೇವ ಏರಿ ಗೋಡೆ ಬಾಗುತ್ತೆ. ಒಣಗಿ ನೇರ ಆಗೋಕೆ ಸಮಯ ಇಲ್ಲ."

"ಅಂದ್ರೆ?"

"ಅಂದ್ರೆ ನಾನೂ ಜೊತೆಗೆ ಬರ್ತೀನಿ. ಬಿದ್ರೆ ನಿಲ್ಲಿಸ್ತೀನಿ."

"ನೀವು ಮಾತು ಕೇಳೋರ ಹಾಗೆ ಕಾಣ್ತಿಲ್ಲ."

"ಚಿಕ್ಕವಳಿಂದ ಹಾಗೇ," ಎಂದಳು ತಾಯಿ. "ಉಗುರಲ್ಲಿ ಆಗೋದಕ್ಕೆ ಕೊಡಲಿ ಎತ್ತಲ್ಲ, ಕೊಡಲಿ ಬೇಕಾದ ಕಡೆಯೂ ಉಗುರನ್ನೇ ಇಡ್ತಾಳೆ."

ನಕ್ಷೆ ಮೇಡಂ ಕೈಯಲ್ಲಿದ್ದ ಗೋಡೆಯನ್ನು ಮೇಜಿನ ಮೇಲಿಟ್ಟಳು. "ಸೋಮವಾರ ಇದು ಕುಸಿದ್ರೆ, ನನ್ನ ಕಚೇರಿ ಮೆಟ್ಟಿಲು ಇನ್ನು ನಿಮಗಿಲ್ಲ," ಎಂದು ಹೇಳಿ ಹೋದಳು. ತಿಂಗಳ ಕೊನೆಗೆ ಉಳಿದಿದ್ದುದೂ ಆ ವಾರವೊಂದೇ. ಅಕ್ಕ ಗೋಡೆಯನ್ನು ಎತ್ತಿ, ಪಾದದ ತುದಿಗಳನ್ನು ಮೂಲೆಗಳೊಳಗೆ ತಳ್ಳಿ, ಪ್ರತಿಯೊಂದು ಮೂಲೆಯನ್ನೂ ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತಿದಳು.

ಸೋಮವಾರ ಗಾಳಿ ಇತ್ತು. ಹಲಗೆಯ ಒಂದು ತುದಿಯನ್ನು ಅಕ್ಕ, ಇನ್ನೊಂದನ್ನು ತಮ್ಮ ಹಿಡಿದಿದ್ದರು. ನಕ್ಷೆ ಮೇಡಂ ಮುಂದೆ ನಡೆಯುತ್ತ ಸ್ಕೂಟರುಗಳನ್ನು ಕೈಬೀಸಿ ನಿಲ್ಲಿಸುತ್ತಿದ್ದಳು. ಗೋಡೆಗಳು ನಡುಗಿದವು, ಬೀಳಲಿಲ್ಲ. ಬೀದಿಯ ನಡುವೆ ತಾರಸಿ ಮಾತ್ರ ಮೆಲ್ಲನೆ ಮೇಲೆದ್ದು, ಹಕ್ಕಿಯೊಂದು ದಾರಿ ಯೋಚಿಸುವಂತೆ ಒಂದು ಗಳಿಗೆ ತಡೆದು, ಔಷಧಿ ಅಂಗಡಿಯ ಕಡೆಗೆ ಹಾರಿತು.

"ಹಲಗೆ ಹಿಡ್ಕೊಳ್ಳಿ ಮೇಡಂ," ಎಂದು ತಮ್ಮ ತನ್ನ ತುದಿಯನ್ನು ನಕ್ಷೆ ಮೇಡಂ ಕೈಗೆ ಕೊಟ್ಟು ಓಡಿದ. ಔಷಧಿಯವನ ಚಾವಣಿಯ ಕೆಳಗೆ ಅದನ್ನು ಹಿಡಿದು, ಅಂಗಿಯೊಳಗೆ ಅವುಚಿಕೊಂಡು ಬಂದ. "ನೋಡಕ್ಕ, ಸೂರು ತಂದುಕೊಟ್ಟಿದ್ದು ನಾನು. ಜ್ಞಾಪಕ ಇರ್ಲಿ."

"ಇರುತ್ತೆ. ಈಗ ಅದರ ಮೇಲೆ ಕೈಯಿಟ್ಕೊಂಡು ನಡಿ."

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತುದಿಯಲ್ಲಿ ಅಧ್ಯಕ್ಷೆ: ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೈಯಲ್ಲಿ ಊರುಗೋಲು. ಪಕ್ಕದಲ್ಲಿ ಗ್ರಂಥಪಾಲಕ, ಮೃದುವಾಗಿ ಮಾತಾಡಿ ಒಂದಿಂಚೂ ಸರಿಯದ ಮನುಷ್ಯ. ಎಲ್ಲರೂ ಮಾದರಿಯನ್ನು ಹೊಗಳಿದರು. ಪುಸ್ತಕಗಳ ಬೆನ್ನುಗಳನ್ನು ಬಗ್ಗಿ ಬಗ್ಗಿ ನೋಡಿದರು. ಆದರೆ ಹಿಂದಿನ ಸಭೆಗಳಲ್ಲಿ ಎದ್ದ ಮಾತು ಮತ್ತೆ ಎದ್ದಿತು.

"ಮಕ್ಕಳ ಕೋಣೆ ಮೇಲಿದೆಯಲ್ಲ," ಎಂದ ಗ್ರಂಥಪಾಲಕ. "ನಾನು ಆಗ್ಲೂ ಹೇಳಿದ್ದೆ. ಮಕ್ಕಳು ಮೆಟ್ಟಿಲು ಹತ್ತೋದಿಲ್ಲ, ಮೆಟ್ಟಿಲಿನ ಮೇಲೆ ಆಡ್ತಾರೆ. ಕೆಳಗೆ ಬರ್ಲಿ."

"ಕೆಳಗೆ ಏನು ತೆಗೀಲಿ?" ಎಂದಳು ನಕ್ಷೆ ಮೇಡಂ. "ಪತ್ರಿಕೆ ಕೋಣೆ ಮೇಲೆ ಕಳಿಸ್ಲಾ?"

"ಪತ್ರಿಕೆ ಓದೋರು ಅಜ್ಜಂದಿರು. ಮೇಲೆ ಇಟ್ರೆ ಅವರು ಬೀದಿ ಕಟ್ಟೆ ಮೇಲೇ ಓದ್ಕೋತಾರೆ."

"ಹಾಗಾದ್ರೆ ಎಲ್ಲಾ ನಕ್ಷೆ ಮತ್ತೆ ಬರೀಬೇಕು."

ಅಧ್ಯಕ್ಷೆ ನಿಟ್ಟುಸಿರು ಬಿಟ್ಟಳು. "ಬರೀರಿ. ಮುಂದಿನ ಸಭೆಯಲ್ಲಿ ನೋಡೋಣ."

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಮುಂದಿನ ಸಭೆಯೆಂದರೆ ಎಂದೋ. ಅಷ್ಟರಲ್ಲಿ ಅವಳ ಮೇಜು ರಸ್ತೆಯಲ್ಲಿರುತ್ತದೆ. ಮಾತಾಡಲು ಅವಳನ್ನು ಯಾರೂ ಕರೆದಿರಲಿಲ್ಲ. ಅವಳು ಮೇಜಿನ ಬಳಿಗೆ ಬಂದು ತಾರಸಿಯನ್ನು ತೆಗೆದಿಟ್ಟಳು. ಮೇಲಂತಸ್ತಿನಿಂದ ಮಕ್ಕಳ ಕೋಣೆಯನ್ನು ಮೂಲೆಗಳಿಂದ ಬಿಡಿಸಿ, ಇಡಿಯಾಗಿ, ಬಟ್ಟಲೊಂದನ್ನು ಎತ್ತುವಂತೆ ಎತ್ತಿ ಹೊರಗಿಟ್ಟಳು. ಆಮೇಲೆ ಮೇಲಂತಸ್ತನ್ನೇ ಎತ್ತಿ ಪಕ್ಕಕ್ಕಿಟ್ಟು ಕೆಳಗಿನ ಕೋಣೆಗಳನ್ನು ತೆರೆದು ತೋರಿಸಿದಳು.

ಸಮಿತಿಯವರು ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡರು.

"ಇದ್ಯಾವ ಕೋಣೆ?" ಎಂದಳು ಅಕ್ಕ, ತೋಟದ ಕಡೆಗಿದ್ದ ದೊಡ್ಡ ಕೋಣೆಯನ್ನು ಬೆರಳಿನಿಂದ ತೋರಿಸಿ.

ಗ್ರಂಥಪಾಲಕ ಅಧ್ಯಕ್ಷೆಯ ಕಡೆಗೊಮ್ಮೆ ನೋಡಿ, "ಅದು ಸಮಿತಿಯ ಸಭಾಕೋಣೆ," ಎಂದ.

"ಇಲ್ಲಿ ದಿನಾ ಯಾರು ಕೂರ್ತಾರೆ?"

"ದಿನಾ ಯಾರೂ ಇಲ್ಲ," ಎಂದ ಅವನು, ಇನ್ನಷ್ಟು ಮೃದುವಾಗಿ.

ಎಲ್ಲರೂ ಅಧ್ಯಕ್ಷೆಯ ಊರುಗೋಲನ್ನು ನೋಡದಿರಲು ಪ್ರಯತ್ನಿಸಿದರು. ಅಧ್ಯಕ್ಷೆ ಅಕ್ಕನನ್ನು, ಪಾಠ ಬಾರದ ಮಗುವನ್ನು ನೋಡುವಂತೆಯೋ ಪಾಠ ಬಂದ ಮಗುವನ್ನು ನೋಡುವಂತೆಯೋ ತಿಳಿಯದ ಹಾಗೆ, ಕನ್ನಡಕದ ಮೇಲಿನಿಂದ ನೋಡಿದಳು.

"ಅಂದ್ರೆ ಮಕ್ಕಳ ಬದಲು ನಾನು ಮೆಟ್ಟಿಲು ಹತ್ಬೇಕು."

"ನಾನು ಹಾಗೆ ಹೇಳ್ಲಿಲ್ಲ ಅಮ್ಮ."

"ಬಾಯಲ್ಲಿ ಹೇಳ್ಲಿಲ್ಲ. ಕೈಯಲ್ಲಿ ಹೇಳಿದ್ರಿ." ಅಧ್ಯಕ್ಷೆ ಊರುಗೋಲನ್ನು ಮೇಜಿಗೆ ಒರಗಿಸಿ, ಮುಂದೆ ಬಾಗಿ, ಸಭಾಕೋಣೆಯನ್ನು ತಾನೇ ಹಿಡಿದೆಳೆದಳು. ಅದು ಮೂಲೆಗಳಿಂದ ಸದ್ದಿಲ್ಲದೆ ಜಾರಿ ಅವಳ ಅಂಗೈಗೆ ಬಂದಿತು. "ಸಮಿತಿ ಸೇರೋದು ಅಪರೂಪ. ಸೇರಿದಾಗ ಮೆಟ್ಟಿಲು ಹತ್ತಿದ್ರೆ ಅರ್ಧ ಜನಕ್ಕೆ ಮಾತಾಡೋ ಉಸಿರಿರಲ್ಲ. ಸಭೆ ಬೇಗ ಮುಗಿಯುತ್ತೆ. ಇದನ್ನ ಮೇಲಿಡಿ."

ಮೇಲೆ ಅದು ಸರಿಯಾಗಿ ಕುಳಿತಿತು. ಕೆಳಗೆ ಮಕ್ಕಳ ಕೋಣೆ ಕೂರಲಿಲ್ಲ; ಬಾಗಿಲು ತೋಟದ ಕಡೆಗೆ ತಿರುಗಿ, ಒಳದಾರಿ ಕುರುಡಾಯಿತು. ಅಕ್ಕ ತಿರುಗಿಸಿ ನೋಡಿದಳು, ಹಿಂದುಮುಂದು ಮಾಡಿದಳು. ಅವಳ ಕೈಗೆ ತಿಳಿದಷ್ಟು ಮುಗಿದಿತ್ತು. ಅವಳು ನಕ್ಷೆ ಮೇಡಂ ಕಡೆಗೆ ನೋಡಿದಳು.

ನಕ್ಷೆ ಮೇಡಂ ಆಗಲೇ ಕುರ್ಚಿ ಬಿಟ್ಟು ಬಂದಿದ್ದಳು. ಕಣ್ಣು ಕಿರಿದು ಮಾಡಿ ಹಲಗೆಯ ಮಟ್ಟಕ್ಕೆ ಬಗ್ಗಿ, ಹೆಬ್ಬಾಗಿಲಿನಿಂದ ತೋಟದವರೆಗೆ ಒಳಗೆ ನಡೆದುಹೋಗುವವಳಂತೆ ನೋಡಿದಳು. "ತಿರುಗಿಸ್ಬೇಡಿ. ಹೀಗೇ ಇರ್ಲಿ. ತೋಟದ ಬಾಗಿಲು ಮಕ್ಕಳಿಗೇ ಬೇಕು. ಹೊರಗೆ ಮರದ ಕೆಳಗೆ ಕೂತು ಓದ್ತಾರೆ. ಒಳದಾರಿಗೆ ಇನ್ನೊಂದು ಬಾಗಿಲು ಕೊಯ್ಯೋಣ. ಇಲ್ಲಿ." ಪೆನ್ಸಿಲಿನಿಂದ ಬಿಳಿಯ ಗೋಡೆಯ ಮೇಲೆ ಎರಡು ಗೆರೆ ಎಳೆದಳು. "ಆಗುತ್ತಾ?"

"ಆಗುತ್ತೆ," ಎಂದು ಅಕ್ಕ ಚೀಲದಿಂದ ಚಾಕುವನ್ನು ತೆಗೆದಳು.

ಎಲ್ಲರ ಮುಂದೆ, ನಿಂತುಕೊಂಡೇ, ಕತ್ತರಿಸುವುದು ಅವಳಿಗೆ ಹೊಸದು. ಮೊದಲ ಗೆರೆಯನ್ನು ಎರಡು ಎಳೆತಕ್ಕೆ ಕೊಯ್ದಳು. ಆಮೇಲೆ ಮೊಣಕೈಯನ್ನು ಮೇಜಿಗೆ ಊರಿ, ಎರಡನೆಯದನ್ನು ಒಂದೇ ಎಳೆತಕ್ಕೆ ಮುಗಿಸಿದಳು. ತುಂಡು ಹೊರಗೆ ಬಿದ್ದಿತು. ಕೊಯ್ದ ಅಂಚಿನಲ್ಲಿ, ಎರಡು ಬಿಳುಪುಗಳ ನಡುವೆ, ಕೆಂಪನೆಯದೊಂದು ಎಳೆ ಅಲ್ಲಲ್ಲಿ ಕಾಣುತ್ತಿತ್ತು.

"ಇದೇನು ಕೆಂಪು?" ಎಂದ ಗ್ರಂಥಪಾಲಕ, ಬಗ್ಗಿ.

"ಒಳಗಿನ ಹೂವು," ಎಂದಳು ಅಕ್ಕ. ಅವನು ಏನೂ ಅರ್ಥವಾಗದೆ ತಲೆಯಾಡಿಸಿದ.

ಕೋಣೆ ತನ್ನ ಜಾಗದಲ್ಲಿ ಕುಳಿತಿತು. ಆಮೇಲೆ ಸಮಿತಿಯವರನ್ನು ಮಾದರಿಯಿಂದ ಬಿಡಿಸುವುದೇ ಕಷ್ಟವಾಯಿತು. ಒಬ್ಬರು ಪತ್ರಿಕೆಯ ಕೋಣೆಯನ್ನು ಎಡಕ್ಕೆ ಇಟ್ಟು ನೋಡಿದರು, ಇನ್ನೊಬ್ಬರು ಮೆಟ್ಟಿಲನ್ನು ಕಿತ್ತು ಬಲಕ್ಕೆ ಒಯ್ದರು, ಅಧ್ಯಕ್ಷೆ ಗದರಿ ಎಲ್ಲವನ್ನೂ ಹಿಂದಕ್ಕೆ ತರಿಸಿದಳು. ಅಕ್ಕ ಪ್ರತಿಸಲವೂ ಪಾದಗಳನ್ನು ಮೂಲೆಗೆ ಸೇರಿಸಿ ನಿಲ್ಲಿಸಿದಳು. ಕಡೆಗೆ, ಮಕ್ಕಳ ಕೋಣೆ ಕೆಳಗೆ, ಸಭಾಕೋಣೆ ಮೇಲೆ, ಉಳಿದುದು ಇದ್ದಂತೆ, ಎಂದು ಒಪ್ಪಿಗೆಯಾಯಿತು.

ಹೊರಗೆ ಜಗಲಿಗೆ ಬಂದಮೇಲೆ ನಕ್ಷೆ ಮೇಡಂ ಅಕ್ಕನ ಕಡೆಗೆ ತಿರುಗಿದಳು.

"ಹೆಬ್ಬಾಗಿಲಿನ ಕೀಲು ಸಡಿಲ ಇದೆ," ಎಂದಳು. "ಮರಗಳೂ ಎಲ್ಲಾ ಒಂದೇ ಎತ್ತರ. ಅದು ಸರಿಯಾಗ್ಬೇಕು."

"ಆಗುತ್ತೆ."

"ಮುಂದಿನದು ಒಂದು ಶಾಲೆ. ಅದಾದ ಮೇಲೆ ಎರಡು ಮನೆ. ಮನೆ ಕಟ್ಟಿಸೋರು ಗಂಡ ಹೆಂಡತಿ. ಅಡುಗೆಮನೆ ಎಲ್ಲಿರಬೇಕು ಅಂತ ಇನ್ನೂ ಜಗಳ ಮುಗಿದಿಲ್ಲ." ಅವಳು ಪಟ್ಟಿ ಸುತ್ತಿದ ಬೆರಳನ್ನು ಸವರಿಕೊಂಡಳು. "ಅದಕ್ಕೂ ಅಂಟು ಬೇಡ. ನಾಳೆ ಬೆಳಿಗ್ಗೆ ಬನ್ನಿ, ನಕ್ಷೆ ಕೊಡ್ತೀನಿ. ಮೆಟ್ಟಿಲು ಗೊತ್ತಲ್ಲ."

ಮಧ್ಯಾಹ್ನ ಅಂಗಡಿಗೆ ಹಿಂದಿರುಗಿದಾಗ ತಮ್ಮ ಸುದ್ದಿಯನ್ನು ಆಗಲೇ ತಾಯಿಗೆ ಒಪ್ಪಿಸಿಯಾಗಿತ್ತು. ಅವನ ಮುಖದಲ್ಲಿ ಅಕ್ಕನ ಗೆಲುವಿನ ಸಂತೋಷವೂ ತನ್ನ ಸೋಲಿನ ಬೇಸರವೂ ಒಂದೇ ಬೆಂಚಿನ ಮೇಲೆ ಕುಳಿತಿದ್ದವು.

"ಸರಿ, ಅಂಗಡಿ ನಿಂದೇ," ಎಂದ. "ನಾನು ಬಿಸಿಲಿಗೆ ಹೋಗ್ತೀನಿ."

ಅಕ್ಕ ಮುಂಗಾಜನ್ನು ನೋಡಿದಳು. ಅದರ ಹಿಂದೆ ಮಾಸಿದ ಮೂರು ಆಲ್ಬಮ್ಮುಗಳಿದ್ದವು. ಅವುಗಳನ್ನು ನೋಡಲು ಬೀದಿಯಲ್ಲಿ ಯಾರೂ ನಿಂತು ಬಹಳ ಕಾಲವಾಗಿತ್ತು. ಕಟ್ಟಡಗಳನ್ನು ಕಟ್ಟಿಸುವವರು ಗಾಜು ನೋಡಿ ಬರುವವರಲ್ಲ, ಎದುರಿನ ಮೆಟ್ಟಿಲಿನಿಂದ ಬರುವವರು. ತಾನು ಇಷ್ಟು ದಿನ ಹಟ ಹಿಡಿದುದು ಈ ಗಾಜಿಗಾಗಿ ಅಲ್ಲ ಎಂಬುದನ್ನು ಅವಳು ಆಗ ತಿಳಿದಳು, ತಿಳಿದಮೇಲೆ ತಡಮಾಡಲಿಲ್ಲ.

"ಮುಂಭಾಗ ನೀನು ತಗೋ."

ತಮ್ಮ ಅವಳ ಮುಖವನ್ನೇ ನೋಡಿದ. "ನಿಜವಾಗ್ಲೂ?"

"ಗಾಜು, ಗಲ್ಲಾ, ಬೀದಿ ಕಡೆ ಬಾಗಿಲು, ಎಲ್ಲಾ ನಿಂದು. ಒಳಕೋಣೆ ನಂದು. ಕಿಟಕಿ, ದೊಡ್ಡ ಮೇಜು, ಕಪಾಟು, ಒಳಗಿನ ಅಗುಳಿ. ಅಲ್ಲಿಗೆ ನೀನು ಕವಚದ ಡಬ್ಬ ಒಂದನ್ನೂ ತಂದಿಡೋ ಹಾಗಿಲ್ಲ."

"ನಾನೆಲ್ಲಿ ಕೂರ್ಲಿ?" ಎಂದಳು ತಾಯಿ.

"ನೀನು ಇದ್ದಲ್ಲೇ ಕೂತ್ಕೋ. ಇಬ್ಬರನ್ನೂ ಬೈಯೋಕೆ ಅದೇ ಸರಿಯಾದ ಜಾಗ."

ತಾಯಿ ಆ ಹಂಚಿಕೆಯನ್ನು ಒಪ್ಪಿದಳು. ತಮ್ಮ ಉತ್ಸಾಹದಿಂದ ಅಳತೆಪಟ್ಟಿಯನ್ನು ಎಳೆದು, ಹಳೆಯ ನಡುಗೋಡೆಯನ್ನು ಕಿತ್ತು ಹೊಸದು ಹಾಕಲು ಹಲಗೆ ಎಷ್ಟು ಬೇಕೆಂದು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕತೊಡಗಿದ. ಅಕ್ಕ ಕೆಳಗೆ ಕುಳಿತು, ಅವನ ಗುರುತನ್ನು ಅಂಗೈಯಿಂದ ಒರಸಿ, ಟೇಪಿನ ಸುರುಳಿಯನ್ನು ಬಿಚ್ಚಿ, ಅವನ ಗೆರೆಗಿಂತ ಒಂದು ಗೇಣು ಬೀದಿಯ ಕಡೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ತನ್ನ ಗೆರೆಯನ್ನು ಅಂಟಿಸಿದಳು.

"ಶಾಲೆಯ ಮಾದರಿ ದೊಡ್ಡದು," ಎಂದಳು.

ತಮ್ಮ ಆ ಗೆರೆಯನ್ನು ನೋಡಿದ, ಅಕ್ಕನನ್ನು ನೋಡಿದ, ಒಮ್ಮೆ ತಾಯಿಯ ಕಡೆಗೂ ನೋಡಿದ. ಆಮೇಲೆ ಸುತ್ತಿಗೆಯನ್ನು ತರಲು ಹೋದ.